ಹೊಸ ಗಾಡಿ, ಮಸ್ಕಿ ದಾರಿ

ಸಿಂಧನೂರು
ಬನದ ಹುಣ್ಣಿಮೆಯ ಹಿಂದಿನ ಭಾನುವಾರ

ಪ್ರೀತಿಯ ಅಪ್ಪ,

ಫೋನ್ ಮಾಡಿದಾಗಲೆಲ್ಲ ಹೊಸ ಬೈಕಿನ ಬಗ್ಗೆ ನೀವು ಕೇಳುವುದು ಒಂದೇ ಮಾತು: "ನಲವತ್ತು ದಾಟಿಸ್ತಿಲ್ಲ ತಾನೇ?" ದಾಟಿಸುತ್ತಿದ್ದೇನೆ ಅಪ್ಪ. ಗಾಬರಿಯಾಗಬೇಡಿ. ಎಲ್ಲಿ, ಎಷ್ಟು, ಯಾಕೆ ಅನ್ನುವುದನ್ನೆಲ್ಲ ಫೋನಿನಲ್ಲಿ ಹೇಳಹೋದರೆ ನೀವು ಮಧ್ಯದಲ್ಲೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ನಿಮ್ಮ ನಲವತ್ತರ ಲೆಕ್ಕ ಯೆಜ್ಡಿಯದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಗಾಡಿಗಳಿಗೆಲ್ಲ ಅದು ಸರಿಯಾದ ಲೆಕ್ಕವೇ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಸಿಗುವುದೇ ಪೆಟ್ರೋಲ್ ಜೊತೆ ಬೆರೆತು. ಜೋರಾಗಿ ಹೋಗುವಾಗ ಎಕ್ಸಿಲೇಟರ್ ಬಿಟ್ಟರೆ ಪೆಟ್ರೋಲ್ ಜೊತೆಗೆ ಆಯಿಲೂ ನಿಂತಿತು. ಕಾದ ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗಿ ಅಲ್ಲೇ ಕಚ್ಚಿಕೊಂಡಿತು. ಹೊಸ ಗಾಡಿಗೆ ಆಯಿಲ್ ಒಂದಿಷ್ಟು ಹೆಚ್ಚೇ ಬೆರೆಸಿ, ಮೆಲ್ಲಗೆ ಓಡಿಸಿ ಅನ್ನುತ್ತಿದ್ದುದು ಅದಕ್ಕೇ. ನನ್ನದು 125 ಸಿಸಿ ಫೋರ್ ಸ್ಟ್ರೋಕ್. ಆಯಿಲ್ ಎಂಜಿನ್ ತಳದಲ್ಲೇ ಇರುತ್ತದೆ, ಪಂಪು ಅದನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ. ಇದಕ್ಕೆ ಇರುವ ಭಯವೇ ಬೇರೆ.

ಹೊಸ ಸಿಲಿಂಡರಿನ ಒಳಗೋಡೆಯ ಮೇಲೆ ಹೋನಿಂಗ್ ಕಲ್ಲಿನಿಂದ ಓರೆಯಾಗಿ, ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳನ್ನು ಎಳೆದಿರುತ್ತಾರೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಗೀರುಗಳ ನಡುವಿನ ಏಣುಗಳು ಪಿಸ್ಟನ್ ರಿಂಗಿಗೆ ತಿಕ್ಕಿ ತಿಕ್ಕಿ ತಗ್ಗಬೇಕು, ರಿಂಗು ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರವಲ್ಲ. ಪೆಟ್ರೋಲ್ ಉರಿದಾಗ ಏಳುವ ಒತ್ತಡ ರಿಂಗಿನ ಬೆನ್ನಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್‌ಗೆ ಕೆಲಸವೇ ಕೊಡದಿದ್ದರೆ ಆ ಒತ್ತಡ ಸಾಲದು. ಏಣು ತಗ್ಗುವ ಮೊದಲೇ ಗೋಡೆಯ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪೊರೆ ಕಟ್ಟುತ್ತದೆ. ಆಮೇಲೆ ರಿಂಗು ಎಷ್ಟು ತಿಕ್ಕಿದರೂ ಕೂರುವುದಿಲ್ಲ, ಗಾಡಿ ಆಯಿಲ್ ಕುಡಿಯುತ್ತಲೇ ಇರುತ್ತದೆ. ಹಾಗೆಂದು ಮೊದಲ ದಿನವೇ ಕಿವಿ ಹಿಂಡಿದರೆ ಬಿಸಿ ಮಿತಿ ಮೀರಿ ರಿಂಗು ಗೋಡೆಯನ್ನೇ ಪರಚುತ್ತದೆ. ಈಗಿನ ಕಾರ್ಖಾನೆಗಳಲ್ಲಿ ಕೆತ್ತನೆ ನಿಮ್ಮ ಕಾಲಕ್ಕಿಂತ ನಯವಾಗಿರುವುದರಿಂದ ಉಳಿದ ಕೆಲಸ ಕಡಿಮೆ, ಆದರೆ ಇಲ್ಲದೇ ಇಲ್ಲ. ಒಟ್ಟಿನಲ್ಲಿ ಹೊಸ ಎಂಜಿನ್‌ಗೆ ಬೇಕಾದದ್ದು ಹದವಾದ ದುಡಿಮೆ. ಒಂದೇ ವೇಗ, ಅದು ನಲವತ್ತೇ ಆಗಲಿ ಎಪ್ಪತ್ತೇ ಆಗಲಿ, ಅದಕ್ಕೆ ಆಗಿಬರುವುದಿಲ್ಲ.

ನನಗೆ ಸಿಕ್ಕಿರುವ ದಾರಿ ಆ ಕೆಲಸಕ್ಕೇ ಹೇಳಿ ಮಾಡಿಸಿದಂತಿದೆ. ಬ್ಯಾಂಕಿನ ಬೆಳೆಸಾಲದ ಕಡತ ಹಿಡಿದು ಮಸ್ಕಿಗೂ ಲಿಂಗಸುಗೂರಿಗೂ ಹೋಗಿ ಬರಬೇಕಾಗುತ್ತದೆ. ಸಿಂಧನೂರಿನ ಸುತ್ತ ನೆಲ ಅಂಗೈಯಷ್ಟು ಸಮ, ಎಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಊರ ಹೆಸರಿಗೆಲ್ಲ 'ಕ್ಯಾಂಪ್' ಅಂಟಿಕೊಂಡಿದೆ: ಕಾಲುವೆ ಬಂದಾಗ ಆಂಧ್ರದಿಂದ ಬಂದು ಬತ್ತ ನಟ್ಟವರ ಕ್ಯಾಂಪುಗಳು, ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳು. ಅಲ್ಲಿನ ಅಂಗಡಿಯೊಂದರಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಬಂಗಾಳಿಯಲ್ಲಿ ಗದರಿಸಿ, ನನಗೆ "ಚಿಲ್ರಿ ಕೊಡ್ರಿ ಮೇಡಂ" ಅಂದರು. ಎರಡನೇ ಬೆಳೆಯ ನಾಟಿ ಈಗ ನಡೆದಿದೆ. ಗದ್ದೆಯಿಂದ ಏರಿದ ಟ್ರ್ಯಾಕ್ಟರುಗಳು ಉದ್ದಕ್ಕೂ ಕಪ್ಪು ಕೆಸರು ಉದುರಿಸಿ ಹೋಗಿರುತ್ತವೆ. ಹೊಸ ಟೈರಿನ ಮೇಲ್ಮೈಯ ಜಾರು ಹೋಗುವುದಕ್ಕೆ ಒಂದಷ್ಟು ಕಿಲೋಮೀಟರು ಓಡಬೇಕು, ಬ್ರೇಕ್ ಶೂ ಕೂರುವುದಕ್ಕೂ ಅಷ್ಟೇ. ಆದ್ದರಿಂದ ಇಲ್ಲಿ ನಾನು ನಿಜಕ್ಕೂ ನಿಮ್ಮ ಮಗಳೇ, ಮೂವತ್ತೈದು–ನಲವತ್ತು.

ಮಸ್ಕಿ ಹತ್ತಿರವಾಗುತ್ತಿದ್ದಂತೆ ಬತ್ತ ಹಿಂದೆ ಸರಿಯುತ್ತದೆ. ಎರೆಹೊಲದಲ್ಲಿ ಬಿಳಿಜೋಳ, ಕಡಲೆ, ಅಲ್ಲಲ್ಲಿ ಕೊಯ್ದು ಗೂಡು ಹಾಕಿದ ತೊಗರಿ. ರಸ್ತೆ ಸಣ್ಣಗೆ ಏರುತ್ತದೆ, ಇಳಿಯುತ್ತದೆ. ಬಂಡೆಗಲ್ಲಿನ ಗುಡ್ಡಗಳು ಎದುರಾಗುತ್ತವೆ. ನಲವತ್ತು ದಾಟುವುದು ಇಲ್ಲಿ. ಏರಿನಲ್ಲಿ ಗೇರ್ ಇಳಿಸಿ, ಎಕ್ಸಿಲೇಟರ್ ಅರ್ಧದಷ್ಟು ಕೊಟ್ಟು ಐವತ್ತೈದಕ್ಕೆ ಏರಿಸುತ್ತೇನೆ. ಇಳಿಜಾರಿನಲ್ಲಿ ಕೈ ಪೂರ್ತಿ ಬಿಟ್ಟು, ಕ್ಲಚ್ ಹಿಡಿಯದೆ, ಎಂಜಿನ್ನೇ ಗಾಡಿಯನ್ನು ಹಿಡಿಯಲು ಬಿಡುತ್ತೇನೆ. ಮತ್ತೆ ಏರು, ಮತ್ತೆ ಇಳಿ. ನಾಲ್ಕನೇ ಗೇರಿನಲ್ಲಿ ಉಬ್ಬಸಪಡಿಸುತ್ತ ಎಳೆಸುವುದು ಮಾತ್ರ ಇಲ್ಲವೇ ಇಲ್ಲ. ಮೆಲ್ಲಗೆ ಹೋಗುತ್ತಿದ್ದೇನೆಂದು ನಂಬಿ ಬಹಳ ಜನ ಮಾಡುವುದು ಅದನ್ನೇ. ಮಸ್ಕಿಯಲ್ಲಿ ಒಗ್ಗರಣಿ, ಮಿರ್ಚಿ ತಿನ್ನಲು ನಿಂತಾಗ ಪಕ್ಕದ ಗ್ಯಾರೇಜಿನ ಮುದುಕ ಮೆಕ್ಯಾನಿಕ್ ಎಂಜಿನ್ ಹತ್ತಿರ ಕೈ ಹಿಡಿದು ಬಿಸಿ ನೋಡಿ, "ಛಲೋ ಹೊಡದೀರಿ. ನಡಬರಕ ಹಿಂಗ ನಿಂದ್ರಸ್ರಿ, ಆರ‍್ಲಿ. ಹಿಂದ ಬತ್ತದ ಚೀಲ ಹೇರಬ್ಯಾಡ್ರಿ ಅಷ್ಟ" ಅಂದ. ಕೈಪಿಡಿಯ ಒಂದು ಪುಟ ಅವನ ಬಾಯಲ್ಲಿ ಮೂರು ಮಾತಿಗೆ ಮುಗಿಯಿತು.

ಎಂಜಿನ್ ಆರುವಷ್ಟು ಹೊತ್ತು ದುರ್ಗದ ಗುಡ್ಡಕ್ಕೆ ಹೋಗಿದ್ದೆ. ಅಲ್ಲಿನ ಬಂಡೆಯ ಮೇಲಿನ ಬ್ರಾಹ್ಮಿ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಗಣಿ ಎಂಜಿನಿಯರ್, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದವರು. ಅದುವರೆಗೆ ಸಿಕ್ಕ ಧರ್ಮಶಾಸನಗಳಲ್ಲಿ ರಾಜನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬಂಥ ಬಿರುದುಗಳು ಮಾತ್ರ ಇದ್ದವು. ಅಶೋಕನೆಂಬ ಹೆಸರು ಇಲ್ಲಿ ಸಿಕ್ಕಿತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಸಿಕ್ಕಿತು. ಅಕ್ಷರಗಳು ಅಮ್ಮ ಅಂದುಕೊಂಡಷ್ಟು ದೊಡ್ಡವಲ್ಲ. ಬಂಡೆಯ ಒರಟು ಯಾವುದು, ಉಳಿಯ ಗೆರೆ ಯಾವುದು ಎಂದು ಹೊಂದಿಸಿಕೊಳ್ಳಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕು. ಓದಲು ಬಾರದಿದ್ದರೂ ಒಂದಷ್ಟು ಹೊತ್ತು ನಿಂತೆ.

ಮಸ್ಕಿಯಿಂದ ಲಿಂಗಸುಗೂರಿನ ತನಕ ಅದೇ ಆಟ, ಮಧ್ಯೆ ಲಾರಿಗಳ ಸಾಲು ಬಂದರೆ ಹಿಂದೆಯೇ ಉಳಿಯುತ್ತೇನೆ. ಹೊಸ ಎಂಜಿನ್‌ನಲ್ಲಿ ಓವರ್‌ಟೇಕ್ ಮಾಡುವುದೆಂದರೆ ಪೂರ್ತಿ ಎಕ್ಸಿಲೇಟರ್, ಅದು ಮೊದಲ 500 ಕಿಲೋಮೀಟರಿಗೆ ಬೇಡ. ಪೇಟೆಯ ಬಿಸಿಲಿನಲ್ಲಿ ಗಾಡಿ ಚಾಲೂ ಇಟ್ಟು ನಿಲ್ಲುವುದೂ ಬೇಡ. ಗಾಳಿಯಿಂದ ಆರುವ ಎಂಜಿನ್‌ಗೆ ನಿಂತರೆ ಗಾಳಿ ಎಲ್ಲಿಂದ ಬರಬೇಕು? ಬೆಳಿಗ್ಗೆ ಏಳಕ್ಕೆ ಹೊರಡುವುದು ಅದಕ್ಕೇ.

ಮೊದಲ ಸರ್ವಿಸ್ ಲಿಂಗಸುಗೂರಿನಲ್ಲೇ ಮಾಡಿಸಿದೆ. 500ರಿಂದ 750 ಕಿಲೋಮೀಟರಿನ ಒಳಗೆ ಮಾಡಿಸಬೇಕೆಂದು ಕೂಪನ್ನಿನಲ್ಲಿದೆ, ತಡಮಾಡಲಿಲ್ಲ. ಇದನ್ನು ನೀವು ನೋಡಬೇಕಿತ್ತು. ಹುಡುಗ ತಳದ ಬೋಲ್ಟ್ ಬಿಚ್ಚಿ ಆಯಿಲನ್ನು ಬಿಳಿ ಟ್ರೇಗೆ ಇಳಿಸಿದ. ಕಪ್ಪಾಗಿರುತ್ತದೆ ಅಂದುಕೊಂಡಿದ್ದೆ; ಇನ್ನೂ ಕಂದು ಬಣ್ಣ. ಟ್ರೇಯನ್ನು ಬಿಸಿಲಿಗೆ ಓರೆ ಹಿಡಿದಾಗ ಒಳಗೆಲ್ಲ ಬೂದಿಗಿಂತ ಸಣ್ಣ ಮಿನುಗು, ಬೆರಳಿಗೆ ತಿಕ್ಕಿದರೆ ತರಿಯೇ ಸಿಗದು, ಬೆರಳು ಮಾತ್ರ ಹೊಳೆಯುತ್ತದೆ. ಏಣುಗಳು ತಗ್ಗಿದ್ದಕ್ಕೆ ಅದೇ ಸಾಕ್ಷಿ. "ಹಟ್ಟಿ ಬಂಗಾರ ಅಲ್ರಿ ಮೇಡಂ, ಮನೀಗ ಒಯ್ಯಾಂಗಿಲ್ಲ" ಅಂದ. ಹಟ್ಟಿ ಚಿನ್ನದ ಗಣಿ ಇದೇ ತಾಲ್ಲೂಕು. ಅಲ್ಲೂ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ. ಹೊಸ ಒರಳಿನಲ್ಲಿ ಮೊದಲು ರುಬ್ಬಿದ್ದನ್ನು ಅಜ್ಜಿ ಚೆಲ್ಲಿಬಿಡುತ್ತಿದ್ದರಲ್ಲ, ಈ ಆಯಿಲೂ ಹಾಗೇ. ಎಷ್ಟೇ ಹೊಸದಾಗಿ ಕಂಡರೂ ಇರಲಿ ಅನ್ನಬಾರದು. ಆಯಿಲ್ ಜರಡಿ ತೊಳೆಸಿ, ಟ್ಯಾಪೆಟ್ ಸಂದು ನೋಡಿಸಿ, ಚೈನ್ ಬಿಗಿ ಸರಿಮಾಡಿಸಿದೆ. ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನಯ, ಅದಕ್ಕೆ ಏರ್ ಫಿಲ್ಟರನ್ನೂ ಬಿಚ್ಚಿಸಿ ನೋಡಿದೆ.

ಸರ್ವಿಸ್ ಆದಮೇಲೂ ಸಾವಿರದವರೆಗೆ ಇದೇ ಹದ, ವೇಗ ಮಾತ್ರ ಸ್ವಲ್ಪ ಸ್ವಲ್ಪ ಮೇಲೆ. ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡುತ್ತೇನೆ, ಇಳಿದಿಲ್ಲ. ಸೈಲೆನ್ಸರಿನ ಬಾಯಿ ಒಣಗಿದೆ, ಹೊಗೆ ಇಲ್ಲ. ನಿಮ್ಮ ನಲವತ್ತನ್ನು ಬಿಟ್ಟಿದ್ದೇನೆ ಅಪ್ಪ, ಆದರೆ ಗಾಡಿಯ ಸದ್ದು ಕೇಳುತ್ತ ಕೈ ಆಡಿಸಬೇಕು ಅನ್ನುವ ನಿಮ್ಮ ಇನ್ನೊಂದು ಮಾತನ್ನು ಬಿಟ್ಟಿಲ್ಲ. ಆ ಮಾತಿಗೆ ಟೂ ಸ್ಟ್ರೋಕ್ ಫೋರ್ ಸ್ಟ್ರೋಕ್ ಭೇದವಿಲ್ಲ.

ಅಮ್ಮನಿಗೆ ಹೇಳಿ: ಗಾಡಿಗೆ ಅಂಬಾಮಠದಲ್ಲಿ ಪೂಜೆ ಆಗಿದೆ, ನಿಂಬೆಹಣ್ಣು ತುಳಿಸಿದ್ದೇನೆ. ಹುಣ್ಣಿಮೆಗೆ ಅಲ್ಲಿ ಜಾತ್ರೆ. ಜನಜಂಗುಳಿ ಕರಗಿದ ಮೇಲೆ ಇಬ್ಬರೂ ಬನ್ನಿ. ಅಷ್ಟರಲ್ಲಿ ಸಾವಿರ ದಾಟಿರುತ್ತದೆ. ಮಸ್ಕಿ ದಾರಿಯಲ್ಲಿ ನೀವೇ ಓಡಿಸಿ, ನಾನು ಹಿಂದೆ ಕೂರುತ್ತೇನೆ. ಆಮೇಲೆ ತೀರ್ಪು ಹೇಳಿ.

ನಿಮ್ಮ ಪ್ರೀತಿಯ ಮಗಳು