ರಜೆಗೆ ಬಂದ ಡಿಸೈನರು

ನಮ್ಮ ಕಾಲದಲ್ಲಿ ಬೇಸಿಗೆ ರಜೆ ಎಂದರೆ ಏನೂ ಮಾಡದೆ ಇರುವುದಕ್ಕೆ ಸರಕಾರವೇ ಕೊಟ್ಟ ಪರವಾನಗಿ. ಏಪ್ರಿಲ್ 10ಕ್ಕೆ ಪಾಸೋ ನಪಾಸೋ ಗೊತ್ತಾಗಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಮುಗಿಯಿತು. ಅಜ್ಜನ ಊರು, ಹುಣಸೆ ಮರದ ನೆರಳು, ಮಾಳಿಗೆಯ ಮೇಲೆ ಸಂಡಿಗೆ ಕಾಯುವ ನೆಪದಲ್ಲಿ ಅರ್ಧ ಹಸಿ ಸಂಡಿಗೆಯನ್ನು ನಾವೇ ತಿಂದು ಕಾಗೆಯ ಮೇಲೆ ಹೇಳುವುದು. ಈಗಿನ ಮಕ್ಕಳ ರಜೆ ಹಾಗಲ್ಲ. ಅದರಲ್ಲೂ ಡಿಸೈನ್ ಓದುವ ಮಕ್ಕಳ ರಜೆಯಂತೂ ಮದುವೆ ಮನೆಯ ಅಡಿಗೆಯವರ ದಿನದ ಹಾಗೆ. ಯಾವಾಗ ಏಳುತ್ತಾರೆ, ಯಾವಾಗ ಮಲಗುತ್ತಾರೆ, ದೇವರಿಗೇ ಗೊತ್ತು.

ನನ್ನ ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಡಿಸೈನ್ ಓದುತ್ತಾಳೆ. ಇದನ್ನು ನಮ್ಮ ಧಾರವಾಡದ ಓಣಿಯಲ್ಲಿ ತಿಳಿಸಿ ಹೇಳುವುದು ಸಣ್ಣ ಕೆಲಸವಲ್ಲ. “ಡಿಸೈನ್ ಅಂದ್ರ ಏನ್ರೀ? ಬ್ಲೌಸ್ ಹೊಲಿಯೂದ?” ಎಂದು ಎದುರು ಮನೆಯವರು ಕೇಳಿದರು. ನಾನು ಮಗಳಿಂದ ಕಲಿತ ಪಾಠವನ್ನೇ ಒಪ್ಪಿಸಿದೆ. ಚಮಚದ ಹಿಡಿಕೆ ಕೈಗೆ ಒಗ್ಗುವಂತಿರಬೇಕು, ಬಸ್ಸಿನ ಬೋರ್ಡು ದೂರದಿಂದಲೇ ಓದಲು ಬರಬೇಕು, ಔಷಧದ ಚೀಟಿ ಮುದುಕರಿಗೂ ತಿಳಿಯಬೇಕು, ಇದೆಲ್ಲ ಡಿಸೈನ್ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ನಮ್ಮೂರ ಬಸ್ಸಿಂದು ಯಾರೂ ಮಾಡೇ ಇಲ್ಲ ಬಿಡ್ರಿ” ಎಂದರು. ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

2024ರ ಬೇಸಿಗೆ ನಮ್ಮ ಕಡೆ ಬಹಳ ಕೆಟ್ಟದ್ದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ನಲ್ಲಿಯ ನೀರಿಗೆ ದಿನ ಎಣಿಸುವ ಹೊತ್ತು. ಅಂಥದರಲ್ಲಿ ಮಗಳು ಎರಡು ದೊಡ್ಡ ಚೀಲ, ಒಂದು ಲ್ಯಾಪ್‌ಟಾಪು, ಬಣ್ಣದ ಡಬ್ಬಿಗಳ ರಾಶಿಯೊಂದಿಗೆ ಬಂದಿಳಿದಳು. ಬಣ್ಣದ ಬ್ರಶ್ಶು ತೊಳೆಯುವುದಕ್ಕೇ ದಿನಕ್ಕೊಂದು ಬಕೆಟ್ ನೀರು ಬೇಕೆಂದಾಗ ನನ್ನ ಮುಖ ಹೇಗಾಗಿರಬೇಕು ನೀವೇ ಊಹಿಸಿ. ಆಮೇಲೆ ಅವಳೇ ಮೂರು ಡಬ್ಬಿ ಸಾಲಾಗಿಟ್ಟು, ಮೊದಲು ಕೊಳೆ ನೀರಿನಲ್ಲಿ, ಆಮೇಲೆ ಅರೆಕೊಳೆಯಲ್ಲಿ, ಕಡೆಗೆ ತಿಳಿ ನೀರಿನಲ್ಲಿ ಅದ್ದುವ ಏರ್ಪಾಡು ಮಾಡಿದಳು. ಪಾತ್ರೆ ತೊಳೆಯುವಾಗ ನಾವು ಮೊದಲಿನಿಂದ ಮಾಡುತ್ತ ಬಂದದ್ದೂ ಅದೇ ತಾನೆ. ಕಾಲೇಜಿನಲ್ಲಿ ಅದಕ್ಕೊಂದು ಹೆಸರಿರಬೇಕು.

ಅವಳ ಕೆಲಸಗಳ ಪಟ್ಟಿ ಉದ್ದವಿತ್ತು. ನಮ್ಮ ಮೈದುನನ ಮಗಳ ಮದುವೆ, ಶುಕ್ರಾಸ್ತ ಬರುವುದರೊಳಗೆ ಆಗಬೇಕೆಂದು ಏಪ್ರಿಲಿನಲ್ಲೇ ಗೊತ್ತಾಗಿತ್ತು. ಅದರ ಆಮಂತ್ರಣ ಪತ್ರಿಕೆ ಇವಳ ಪಾಲಿಗೆ. ಹಿರಿಯರ ಹೆಸರು ಒಂದೂ ಬಿಡಬಾರದು, ಅಕ್ಷರ ಮಾತ್ರ ದೊಡ್ಡದಿರಬೇಕು, ಪತ್ರಿಕೆ ಸಣ್ಣದಿರಬೇಕು! ಬೆಂಗಳೂರಿನಲ್ಲಿ ಮೂರು ವರ್ಷ ಕಲಿತದ್ದೆಲ್ಲ ಆ ಒಂದು ಕಾಗದದ ಮುಂದೆ ಮಂಡಿಯೂರಿತು. ಬೇಸಿಗೆ ಬಂತೆಂದರೆ ಧಾರವಾಡದಲ್ಲಿ ಮಕ್ಕಳ ರಂಗಶಿಬಿರಗಳ ಭರಾಟೆ. ಅಂಥ ಒಂದರಲ್ಲಿ ಮುಖವಾಡ ಮಾಡಿಸುವ ಕೆಲಸವೂ ಇವಳದೇ. ವಾರಗಟ್ಟಲೆ ನಮ್ಮ ಮನೆಯಲ್ಲಿ ಹಳೆಯ ಪೇಪರು ಮತ್ತು ಮೈದಾ ಅಂಟಿನ ವಾಸನೆ. ಇದೆಲ್ಲದರ ನಡುವೆ ಕಾಲೇಜಿಗೆ ಒಪ್ಪಿಸಬೇಕಾದ ಮುಖ್ಯ ಕೆಲಸ ಬೇರೆ ಇತ್ತು. ಯಾವುದಾದರೂ ಒಂದು ಕೈಕಸುಬನ್ನು ಕೂತು ನೋಡಿ, ಬರೆದು, ಚಿತ್ರ ತೆಗೆದು ದಾಖಲೆ ಮಾಡಬೇಕು. ಗೆಳತಿಯರು ಯಾರೋ ಕಛ್‌ಗೆ, ಇನ್ಯಾರೋ ಚನ್ನಪಟ್ಟಣಕ್ಕೆ ಹೋಗಿದ್ದರು. ಇವಳು, “ನಮ್ಮನಿಯೊಳಗ ಅಜ್ಜಿ ಇದ್ದಾಳಲ್ಲ” ಎಂದು ಕಸೂತಿ ಆರಿಸಿಕೊಂಡಿದ್ದಳು.

ನಮ್ಮ ಅತ್ತೆಗೆ ಆಗ ಎಂಬತ್ತೊಂದು. ಹದಿನೆಂಟಕ್ಕೆ ಈ ಮನೆಗೆ ಬಂದವರು. ಬರುವಾಗ ಟ್ರಂಕಿನಲ್ಲಿ ತಾವೇ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯೊಂದನ್ನು ತಂದಿದ್ದರು. ಮಗಳು ಹುಟ್ಟಿದಾಗ ಅವಳಿಗೆ ಹೊದಿಸಿದ ಕುಂಚಿಗೆಯ ಮೇಲಿನ ಗಿಳಿಗಳೂ ಅವರ ಕೈಯವೇ. ಕಸೂತಿ ಎಂದರೆ ಈಗ ಎಲ್ಲ ಬಗೆಯ ದಾರದ ಕೆಲಸಕ್ಕೂ ಅನ್ನುತ್ತಾರೆ. ಆದರೆ ನಮ್ಮ ಕಡೆಯ ಕಸೂತಿ ಬೇರೆ. ಬಟ್ಟೆಯ ಮೇಲೆ ಪೆನ್ಸಿಲಿನ ಗುರುತು ಹಾಕುವಂತಿಲ್ಲ, ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಅದರಲ್ಲಿ ಗವಂತಿ ಮತ್ತು ಮುರ್ಗಿ ಹಾಕಿದರೆ ಬಟ್ಟೆಯ ಮುಂಬದಿ, ಹಿಂಬದಿ ಎರಡೂ ಒಂದೇ ಥರ ಕಾಣಬೇಕು. ಪ್ರದರ್ಶನಗಳಲ್ಲಿ ಕೊಳ್ಳುವಾಗ ಸೆರಗನ್ನು ತಿರುಗಿಸಿ ನೋಡುವ ಅಭ್ಯಾಸ ನಿಮಗೂ ಇರಲಿ. ಮಷಿನ್ನಿನ ಕೆಲಸವಾದರೆ ಹಿಂದುಗಡೆ ತಾನಾಗಿಯೇ ಬಾಯಿ ಬಿಡುತ್ತದೆ. ಕೈಯದಾದರೆ, ದಯವಿಟ್ಟು ಸೊಪ್ಪಿನವಳ ಹತ್ತಿರ ಮಾಡಿದಂತೆ ಚೌಕಾಶಿ ಮಾಡಬೇಡಿ. ಒತ್ತಾದ ಕೆಲಸದ ಒಂದು ಸೀರೆಗೆ ತಿಂಗಳುಗಳೇ ಹಿಡಿಯುತ್ತವೆ.

ಆದರೆ ಅತ್ತೆ ಸೂಜಿ ಕೆಳಗಿಟ್ಟು ಎರಡು ವರ್ಷವಾಗಿತ್ತು. ಮೋತಿಬಿಂದು ಇರಬೇಕೆಂದು ತೋರಿಸಲು ಹೋದೆವು. ಅದಾಗಿದ್ದರೆ ಆಪರೇಶನ್ನಿನಲ್ಲಿ ಹೋಗುತ್ತಿತ್ತು. ಡಾಕ್ಟರು, ವಯಸ್ಸಿನಿಂದ ಕಣ್ಣಿನ ಹಿಂಪರದೆಯ ನಡುಭಾಗ ಸವೆದಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದರು. ಓಡಾಡಲು ಅಡ್ಡಿಯಿಲ್ಲ, ಬದಿಯಿಂದ ಬಂದವರು ಕಾಣುತ್ತಾರೆ. ಯಾವುದನ್ನು ನೆಟ್ಟು ನೋಡುತ್ತಾರೋ ಅದೇ ಮಬ್ಬು. ಎಳೆ ಎಣಿಸುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅವರು ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಸೂಜಿಯ ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಟ್ಟು, “ಎಲ್ಲೆರ ಮ್ಯಾಲ ಇಟ್ಟುಬಿಡವಾ” ಎಂದಿದ್ದರು.

ಮಗಳು ಮೊದಲು ಮಾಡಿದ್ದು ಹಳೆಯ ಸೀರೆಗಳನ್ನೆಲ್ಲ ಹರಡಿ ಫೋಟೋ ತೆಗೆದದ್ದು. ಆಮೇಲೆ ಗೋಪುರ, ತುಳಸಿಕಟ್ಟೆ, ಆನೆ, ತೊಟ್ಟಿಲು, ತೇರು ಎಲ್ಲವನ್ನೂ ಒಂದೊಂದು ಚೌಕ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಮೂಡಿಸಿದಳು. ನೋಡಲು ಬಲು ಚೆಂದ. ನಾಲ್ಕು ದಿನದಲ್ಲಿ ಕೆಲಸ ಮುಗಿಯಿತೆಂದು ಹಿಗ್ಗಿ, ಅದೇ ಲೆಕ್ಕದಂತೆ ಒಂದು ಗೋಪುರ ಹೊಲಿಯಲು ಕೂತಳು. ಮುಂದೆ ಗೋಪುರವೇ ಬಂತು. ಹಿಂದೆ ತಿರುಗಿಸಿದರೆ ಜೇಡರ ಬಲೆ.

ಅಜ್ಜಿ ಬಟ್ಟೆಯ ಹಿಂಬದಿಯ ಮೇಲೆ ಬೆರಳಾಡಿಸಿ ನಕ್ಕರು. “ನೀ ಗುಡಿ ತಗದಿ, ಖರೆ. ಗುಡಿಗೆ ಹೋಗೂ ಹಾದಿ ಎಲ್ಲೈತಿ?”

ಮಾತು ತಮಾಷೆಯದಾದರೂ ವಿಷಯ ಅಲ್ಲೇ ಇತ್ತು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟ ಜಾಗಗಳನ್ನು ತುಂಬುತ್ತ, ಹೋದ ದಾರಿಯಲ್ಲೇ ಹಿಂದಿರುಗಿ ಹೊರಟಲ್ಲಿಗೇ ಬಂದು ಸೇರಬೇಕು. ನಡುವೆ ಗೋಪುರದ ಕವಲುಗಳು, ಕಳಶ, ಕಿಂಡಿ. ಯಾವ ಕವಲಿಗೆ ಹೋಗುವಾಗ ಹೊರಳಬೇಕು, ಯಾವುದಕ್ಕೆ ಬರುವಾಗ ಹೊರಳಬೇಕು ಎನ್ನುವುದು ಮೊದಲೇ ತಲೆಯಲ್ಲಿರಬೇಕು. ಇಲ್ಲವಾದರೆ ದಾರ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರಿನ ಚಿತ್ರದಲ್ಲಿ ಆಕಾರವಿತ್ತು, ದಾರಿ ಇರಲಿಲ್ಲ. ಮುಗಿಸಿದ ಸೀರೆಯನ್ನು ಎಷ್ಟು ನೋಡಿದರೂ ಅದು ತಿಳಿಯುವುದಿಲ್ಲ. ಎರಡೂ ಬದಿ ಒಂದೇ ಥರ ಇರುವಾಗ ಸೂಜಿ ಎಲ್ಲಿಂದ ಹೊರಟಿತ್ತೆಂದು ಹೇಗೆ ಹೇಳುತ್ತೀರಿ? ಆ ದಾರಿ ಇದ್ದದ್ದು ನಮ್ಮ ಅತ್ತೆಯ ಹತ್ತಿರ ಮಾತ್ರ.

“ಹಂಗಾದ್ರ ಹೇಳು ಅಜ್ಜಿ, ನಾ ಬರಕೋತೀನಿ” ಎಂದು ಮಗಳು ಕೂತಳು. ಅಜ್ಜಿ ಹೇಳತೊಡಗಿದರು. ಸಣ್ಣ ಸಣ್ಣವು ಬಂದವು. ತುಳಸಿಕಟ್ಟೆ ಬಂತು. ತೇರಿನ ಹೊತ್ತಿಗೆ ಬಾಯಿ ನಿಂತಿತು. “ನಾಕು ಎಣಿಸಿ ಮ್ಯಾಲ ಹೋಗು, ಅಲ್ಲಿ ಗಾಲಿ... ತಡಿ, ಗಾಲಿ ಬರೂವಾಗ ಮಾಡತಿದ್ನಿ...” ಎಂದು ಗಾಳಿಯಲ್ಲೇ ಸೂಜಿ ಹಿಡಿದವರಂತೆ ಬೆರಳು ಆಡಿಸಿದರು. ಬಾಯಿಗೆ ಬರಲಿಲ್ಲ. “ಕೈಗೆ ಗೊತ್ತೈತಿ ಯವ್ವಾ, ನನಗ ಗೊತ್ತಿಲ್ಲ” ಎಂದು ಎದ್ದು ಹೋದರು. ಅಂದು ರಾತ್ರಿ ಊಟಕ್ಕೂ ಸರಿಯಾಗಿ ಕೂಡಲಿಲ್ಲ.

ಇಷ್ಟರಲ್ಲಿ ಚುನಾವಣೆ ಬಂತು. ನಮ್ಮ ಓಣಿಯ ಸರಕಾರಿ ಶಾಲೆಯೇ ಮತಗಟ್ಟೆ. ಮುಖ್ಯಾಧ್ಯಾಪಕಿ, ಗೋಡೆ ಅಂದಗಾಣಿಸಿ ಕೊಡು ಎಂದು ಮಗಳನ್ನು ಕರೆದರು. ಇವಳು ನಾಲ್ಕು ಹುಡುಗಿಯರನ್ನು ಕಟ್ಟಿಕೊಂಡು ಗೋಡೆಯ ತುಂಬ ಕಸೂತಿ ಆನೆಗಳ ಸಾಲು ಬರೆದಳು. 2024ರಲ್ಲಿ ಎಂಬತ್ತೈದು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಅತ್ತೆಗೆ ಇನ್ನೂ ನಾಲ್ಕು ವರ್ಷ ಕಡಿಮೆ. ಮೇ 7ರಂದು ಬಿಸಿಲೇರುವ ಮೊದಲೇ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಗೋಡೆಯ ಮುಂದೆ ನಿಂತು, ಮುಖ ಓರೆ ಮಾಡಿ, ಕಣ್ಣಂಚಿನಿಂದ ನೋಡಿದರು. ಆನೆಗಳು ಆಳೆತ್ತರದವು, ಅವರಿಗೆ ಕಂಡವು. “ಸೊಂಡಿ ಯಾಕ ಬಾಗೈತಿ?” ಎಂದರು. ಮಗಳು ಅಂದಕ್ಕೆಂದು ಸೊಂಡಿಲನ್ನು ಬಳುಕಿಸಿ ಬರೆದಿದ್ದಳು. ಕಸೂತಿಯಲ್ಲಿ ಬಾಗಿದ ಗೆರೆ ಇಲ್ಲವೇ ಇಲ್ಲ. ನೆಟ್ಟಗೆ, ಅಡ್ಡ, ಓರೆ, ಇಷ್ಟರಲ್ಲೇ ಆನೆಯೂ ಆಗಬೇಕು, ನವಿಲೂ ಆಗಬೇಕು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವಾಗಲೂ ಅವರಿಗೆ ಅದೇ ಚಿಂತೆ. “ದೊಡ್ಡದಿದ್ರ ಕಾಣತೈತಿ ನೋಡು” ಎಂದು ದಾರಿಯಲ್ಲಿ ಎರಡು ಸಲ ಅಂದರು. ನಾನು ಅದನ್ನು ಆನೆಯ ಮಾತೆಂದು ಕೇಳಿಸಿಕೊಂಡೆ. ಮಗಳು ಬೇರೆಯೇ ರೀತಿ ಕೇಳಿಸಿಕೊಂಡಿದ್ದಳು.

ಮೂರು ದಿನ ಕಳೆದು ಬಸವ ಜಯಂತಿ. ಮನೆಯಲ್ಲಿ ಹೋಳಿಗೆಯ ಗದ್ದಲ. ನಾನು ಹೂರಣ ರುಬ್ಬುತ್ತಿದ್ದರೆ ಮಗಳು ಅಟ್ಟದಿಂದ ಜೋಳದ ಗೋಣಿಚೀಲ ಇಳಿಸಿ, ಝಾಡಿಸಿ, ನಾಲ್ಕು ಚೌಕ ಕತ್ತರಿಸಿದಳು. ಹಬ್ಬದ ದಿನ ಮನೆ ತುಂಬ ಧೂಳೆಂದು ನಾನು ಕೂಗಾಡಿದ್ದೂ ಆಯಿತು. ಅವಳು ಲಕ್ಷ್ಯ ಕೊಡಲಿಲ್ಲ. ಗೋಣಿಯನ್ನು ಒಂದು ಹಳೆಯ ಫೋಟೋ ಚೌಕಟ್ಟಿಗೆ ಬಿಗಿದು, ಮೊಂಡು ಮೊನೆಯ ದಬ್ಬಣಕ್ಕೆ ಉಣ್ಣೆ ಪೋಣಿಸಿ ಅಜ್ಜಿಯ ಕೈಗೆ ಕೊಟ್ಟಳು. ಗೋಣಿಯ ಎಳೆಗಳು ದಪ್ಪ, ನಡುವಿನ ಕಿಂಡಿ ಬೆರಳಿಗೆ ಸಿಗುತ್ತದೆ. ಕಣ್ಣು ಬೇಕಿಲ್ಲ.

ಅತ್ತೆ ಮೊದಲು ಬೈದರು. ರೇಷ್ಮೆ ಎಳೆ ಹಿಡಿದ ಕೈಗೆ ಗೋಣಿತಟ್ಟೇ ಎಂದರು. ಆಮೇಲೆ ಎಡಗೈಯ ತೋರುಬೆರಳನ್ನು ಗೋಣಿಯ ಕೆಳಗಿಟ್ಟು, ಉಗುರಿನಿಂದ ಕಿಂಡಿಗಳನ್ನು ಎಣಿಸುತ್ತ ಒಂದು ಹೊಲಿಗೆ ಹಾಕಿದರು. ಇನ್ನೊಂದು. ನಾನು ಹೋಳಿಗೆ ಲಟ್ಟಿಸುವುದು ಬಿಟ್ಟು ಬಾಗಿಲಲ್ಲಿ ನಿಂತೆ. ತೇರಿನ ಗಾಲಿಯ ಹತ್ತಿರ ಒಂದು ಕ್ಷಣ ತಡೆದರು. ಕೈ ತಾನೇ ಎಡಕ್ಕೆ ಹೊರಳಿತು. “ಹಾಂ, ಬರೂವಾಗ ಅಲ್ಲ, ಹೋಗೂವಾಗನ!” ಎಂದು ದೊಡ್ಡದಾಗಿ ಕೂಗಿದರು. ತವೆಯ ಮೇಲಿನ ಹೋಳಿಗೆ ಕರ್ರಗಾಯಿತು. ಆಗಲಿ.

ಅಂದಿನಿಂದ ದಿನಾಲು ಮಧ್ಯಾಹ್ನ ಅಜ್ಜಿ ಹೊಲಿಯುವುದು, ಮೊಮ್ಮಗಳು ಪ್ರತಿ ಹೊಲಿಗೆಗೂ ಅಂಕಿ ಹಾಕಿ ದಾರಿ ಬರೆದುಕೊಳ್ಳುವುದು. ಹೋಗುವ ದಾರಿಗೆ ಕೆಂಪು, ಬರುವ ದಾರಿಗೆ ನೀಲಿ. ಮೇ ಮುಗಿಯುವುದರೊಳಗೆ ಹನ್ನೊಂದು ಚಿತ್ರಗಳ ದಾರಿ ಸಿಕ್ಕಿತು. ಇನ್ನೂ ಎಷ್ಟಿವೆಯೋ, ಅತ್ತೆಗೇ ಲೆಕ್ಕವಿಲ್ಲ.

ಸುದ್ದಿ ಹೇಗೋ ಹರಡಿ ಬಟ್ಟೆ ಅಂಗಡಿಯವರೊಬ್ಬರು ಬಂದರು. ಕಂಪ್ಯೂಟರಿನಲ್ಲಿರುವ ಆ ಚಿತ್ರಗಳನ್ನು ಕೊಟ್ಟರೆ ಕಾಟನ್ ಕುರ್ತಾದ ಮೇಲೆ ಪ್ರಿಂಟ್ ಹಾಕಿಸುತ್ತೇವೆ, ಒಳ್ಳೆಯ ಹಣ ಕೊಡುತ್ತೇವೆ ಎಂದರು. ಮನೆಯಲ್ಲಿ ಎರಡು ಪಕ್ಷವಾಯಿತು. ಅತ್ತೆ, “ಕೊಡ್ರಿ, ಯಾರರ ಉಟ್ಕೊಳ್ಳಲಿ. ಆ ಆನಿ ಏನ್ ನಾ ಹಡದದ್ದ? ನಮ್ಮವ್ವಂದು, ಅಕಿ ಅವ್ವಂದು” ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಹಿಂದಿನ ಓಣಿಯ ಒಬ್ಬಾಕೆ ಕಸೂತಿ ಹಾಕಿಯೇ ಮಕ್ಕಳ ಫೀ ಕಟ್ಟುತ್ತಾಳೆ. ಅದೇ ಆನೆ ಅಚ್ಚಿನಲ್ಲಿ ಸಾವಿರಗಟ್ಟಲೆ ಬಿದ್ದರೆ ಅವಳ ಕೈಯ ಆನೆಯನ್ನು ಕೇಳುವವರಾರು? ಧಾರಾಳತನ ಅತ್ತೆಯದು, ಬೆಲೆ ತೆರುವವಳು ಅವಳು. ಮಗಳು ಇಬ್ಬರ ಮಾತನ್ನೂ ಕೇಳಿ, ಅಂಗಡಿಯವರಿಗೆ ಸದ್ಯಕ್ಕೆ ಆಗುವುದಿಲ್ಲವೆಂದು ಹೇಳಿ ಕಳಿಸಿದಳು. ದಾರಿ ಬರೆದ ಹಾಳೆಗಳ ಒಂದು ಪ್ರತಿಯನ್ನು ಆ ಹಿಂದಿನ ಓಣಿಯವಳಿಗೆ ಕೊಟ್ಟು ಬಂದಳು. ಆಕೆ ನೋಡಿದವಳೇ, “ತೇರಿಂದು ನನಗ ಹತ್ತು ವರ್ಷದಿಂದ ಬರವಲ್ದಾಗಿತ್ತು ನೋಡವಾ” ಎಂದಳಂತೆ. ಅತ್ತೆ ಮಾತ್ರ ನಾಲ್ಕು ದಿನ ನನ್ನ ಕೂಡ ಬಿಗಿಯಾಗಿಯೇ ಇದ್ದರು. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ರಾಜಿಯಾಗಿಲ್ಲ.

ಕಾಲೇಜಿನ ವರದಿಗೆ ಒಂದು ನಮೂನೆ ಇತ್ತು. ವಿದ್ಯಾರ್ಥಿನಿ, ಮಾರ್ಗದರ್ಶಕರು, ಮಾಹಿತಿ ನೀಡಿದವರು ಎಂದು ಮೂರು ಸಾಲು. ಅಜ್ಜಿಯ ಹೆಸರನ್ನು ಮೂರನೆಯದರಲ್ಲಿ ಬರೆಯಬೇಕಂತೆ. ಮಗಳು ಎರಡನೆಯದರಲ್ಲಿ, ಕಾಲೇಜಿನ ಮೇಡಮ್ಮರ ಹೆಸರಿನ ಮೇಲೆ ಬರೆದಳು. ಮೇಡಮ್ಮರು ಏನೂ ಅನ್ನಲಿಲ್ಲವಂತೆ. ಅದು ಅವರ ದೊಡ್ಡತನ. ಮಾರ್ಕು ಎಷ್ಟು ಬಂತೆಂದು ನಾನು ಕೇಳಿದ್ದಕ್ಕೆ, “ಬಂದಾವು ಬಿಡವಾ” ಎಂದಳು. ಅಂದರೆ ಅಷ್ಟಕ್ಕಷ್ಟೇ ಎಂದು ಲೆಕ್ಕ.

ಜೂನಿನಲ್ಲಿ ಅವಳು ಹೋದ ಮೇಲೂ ಗೋಣಿತಟ್ಟು ಪಡಸಾಲೆಯಲ್ಲೇ ಉಳಿಯಿತು. ಅತ್ತೆ ಅದರ ಮೇಲೆ ಗಂಡಭೇರುಂಡ ತೆಗೆದಿದ್ದರು, ಅರ್ಧಕ್ಕೆ ಕೆಂಪು ಉಣ್ಣೆ ಮುಗಿಯಿತು. ಸುಭಾಸ ರೋಡಿನ ಅಂಗಡಿಗೆ ಹೋಗಿ ಆರು ಉಂಡೆ ಕೇಳಿದೆ. ಮೊದಲ ಮಳೆ ಇನ್ನೂ ಹನಿದಿರಲಿಲ್ಲ, ಸೆಕೆಗೆ ಅಂಗಡಿಯವನು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. “ಈ ಝಳದಾಗ ಸ್ವೆಟರ್ ಯಾರಿಗ್ರೀ ಅಕ್ಕಾರ?” ಎಂದ. ಗೋಣಿಚೀಲಕ್ಕೆ ಎಂದೆ. ಅವನು ಉಂಡೆಗಳನ್ನು ಎಣಿಸಿ ಕೊಟ್ಟು, ಚಿಲ್ಲರೆಯನ್ನು ಸ್ವಲ್ಪ ದೂರದಿಂದಲೇ ಮೇಜಿನ ಮೇಲೆ ಸರಿಸಿದ.