ಪಶ್ಚಿಮವಾಹಿನಿಗೆ ಹೊರಟ ಮೀನು

ಕಳೆದ ಮಾಘಮಾಸದಲ್ಲಿ ನಾವು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋದುದು ರಂಗನಾಥನ ದರ್ಶನಕ್ಕಾಗಿ ಅಲ್ಲ. ಮೋಟಾರಿನ ಹಿಂಭಾಗದಲ್ಲಿ ಒಂದು ಪೀಪಾಯಿ. ಅದರೊಳಗೆ ಎರಡಡಿ ಉದ್ದದ ಮೀನು. ಪಕ್ಕದಲ್ಲಿ ಬಾಡಿದ ಮುಖದ ನನ್ನ ಮೊಮ್ಮಗ.

ಈ ಮೀನಿನ ಪೂರ್ವವೃತ್ತಾಂತವನ್ನು ಮೊದಲು ಹೇಳಬೇಕು. ಎರಡು ವರ್ಷಗಳ ಕೆಳಗೆ ನನ್ನ ಅಳಿಯನು ಅದನ್ನು ಅಂಗಡಿಯಿಂದ ತಂದಾಗ ಅದು ನನ್ನ ಕಿರುಬೆರಳಿನಷ್ಟಿತ್ತು. ಕಪ್ಪು ಬೆನ್ನು, ಬಿಳಿಯ ಪಕ್ಕೆ, ಕೆಂಪು ಬಾಲ, ಮೂರು ಜೊತೆ ಮೀಸೆ. ನೋಡಲು ಬಲು ಚೆಲುವು. ಇದಕ್ಕೆ ರೆಡ್‌ಟೈಲ್ ಕ್ಯಾಟ್‌ಫಿಶ್ ಎಂದು ಹೆಸರು. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೋ ನದಿಗಳು ಇದರ ತೌರು. ಅಲ್ಲಿನ ತೂಪಿ ಭಾಷೆಯವರು ಇದನ್ನು ಪಿರಾರಾರ, ಎಂದರೆ ಗಿಣಿಮೀನು, ಎಂದು ಕರೆದರು. ಇದರ ದೂರದ ದಾಯಾದಿಯಾದ ನಮ್ಮ ಪಾಠೀನಕ್ಕೆ ಅಮರಸಿಂಹನು ಸಹಸ್ರದಂಷ್ಟ್ರವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಅಂಗಡಿಯವನಿಗಿಂತ ಅಮರನೇ ಸತ್ಯವಾದಿ.

ನಾಲ್ಕಡಿಯ ಗಾಜಿನ ತೊಟ್ಟಿಯಲ್ಲಿ ಬಾಯಿಗೆ ಹಿಡಿಸುವಷ್ಟಿದ್ದ ಜೊತೆಗಾರ ಮೀನುಗಳೆಲ್ಲ ಒಂದೊಂದಾಗಿ ಮಾಯವಾದವು. ಒಮ್ಮೆ ಉರುಟು ಕಲ್ಲೊಂದನ್ನು ನುಂಗಿ ಮಾರನೆಯ ದಿನ ಉಗುಳಿತು. ಈರುಳ್ಳಿಯನ್ನೂ ಒಳಗೆ ಬಿಡದ ಮನೆಯ ಫ್ರಿಜ್ಜಿನಲ್ಲಿ ಸೀಗಡಿಗೆ ಎಡೆಯಾಯಿತು. ನನ್ನ ಮಗಳ ಸಹನೆಯನ್ನು ಏನೆಂದು ಹೊಗಳಲಿ! ವಾರಕ್ಕೆರಡು ಬಾರಿ ನೀರು ಬದಲಾಯಿಸಿದರೂ ವಾಸನೆ ತಪ್ಪದು. ಕಡೆಕಡೆಗೆ ಮೀನು ತಿರುಗಬೇಕಾದರೆ ಬಾಲವನ್ನು ಮಡಿಸಬೇಕಾಯಿತು. ಈ ಜಾತಿಯು ಪೂರ್ಣವಾಗಿ ಬೆಳೆದರೆ ನಾಲ್ಕಡಿಯನ್ನು ಮೀರಿ 40 ಕಿಲೋ ತೂಗಬಲ್ಲದು. ತೊಟ್ಟಿಯ ಉದ್ದವೇ ನಾಲ್ಕಡಿ!

ನದಿಗೆ ಬಿಡುವ ಆಲೋಚನೆ ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈಗೆ ಬಂದ ಮರಿಮೀನು ಕೊಡದಲ್ಲಿ ಹಿಡಿಸದಾಯಿತು, ಗುಂಡಿಯಲ್ಲಿ ಹಿಡಿಸದಾಯಿತು. ಕಡೆಗೆ ಅವನು ಅದನ್ನು ಸಮುದ್ರಕ್ಕೆ ಬಿಟ್ಟನು. ಮೊಮ್ಮಗನಿಗೆ ಈ ಕಥೆಯನ್ನು ಹೇಳಿ ಪುಣ್ಯಕಾರ್ಯವೆಂದು ಒಪ್ಪಿಸಿದ್ದೆನು.

ಮದ್ದೂರಿನಲ್ಲಿ ಎಲ್ಲರೂ ವಡೆ ತಿಂದರು. ನಾನು ಕಾಫಿಯಲ್ಲೇ ತೃಪ್ತನಾದೆನು.

ಪೂರ್ವಾಭಿಮುಖವಾಗಿ ಹರಿಯುವ ಕಾವೇರಿಯು ಪಟ್ಟಣದ ಬಳಿ ಒಂದೆಡೆ ಪಶ್ಚಿಮಕ್ಕೆ ಹೊರಳುತ್ತಾಳೆ, ಅದೇ ಪಶ್ಚಿಮವಾಹಿನಿ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಇಲ್ಲಿಯೂ ವಿಸರ್ಜಿಸಿದರು. ನಸುಕಿನ ಮಂಜು ಇನ್ನೂ ನೀರಿನ ಮೇಲಿತ್ತು. ಜನಸಂಚಾರವಿಲ್ಲದ ಕಡೆ ಹುಡುಕುತ್ತ ಹೊಳೆಯ ಅಂಚಿನಲ್ಲಿ ಸ್ವಲ್ಪ ದೂರ ಹೋದೆವು. ಅಲ್ಲಿ ಹರಿಗೋಲನ್ನು ದಡಕ್ಕೆಳೆಯುತ್ತಿದ್ದ ಮುದುಕನೊಬ್ಬನು ಪೀಪಾಯಿಯೊಳಗೆ ಬಗ್ಗಿ ನೋಡಿ, "ಇದನ್ನ ಹೊಳೆಗೆ ಬಿಡೋಕೆ ತಂದ್ರಾ ಬುದ್ಧಿ?" ಎಂದನು.

"ಪಾಪ, ಬದುಕಿಕೊಳ್ಳಲಿ ಎಂದು," ಎಂದೆ.

"ಇದು ಬದುಕ್ತದೆ ಬುದ್ಧಿ. ಮಿಕ್ಕಿದ್ದು? ಆಫ್ರಿಕಾ ಮೀನು ಯಾರೋ ಸಾಕೋಕೆ ತಂದ್ರು, ಕೆರೆ ತುಂಬಿ ಹೊಳೆಗೂ ಬಂತು. ಈಗ ನನ್ನ ಬಲೆಯಾಗೆ ಅದೇ ಬೀಳೋದು."

ಅವನು ಹೇಳಿದ ಆಫ್ರಿಕದ ಮೀನನ್ನು ಸಾಕಬಾರದೆಂದು ಸರ್ಕಾರವು 2000ನೆಯ ಇಸವಿಯಲ್ಲೇ ನಿಷೇಧಿಸಿತ್ತು, ನಾನೂ ಓದಿದ್ದೆನು. ಕಾವೇರಿ ಮತ್ತು ಅವಳ ಉಪನದಿಗಳಲ್ಲಿ ಮಾತ್ರ ಹುಟ್ಟುವ ಗೂನುಬೆನ್ನಿನ ಮಹಶೀರ್ ಮೀನು ಅಳಿವಿನಂಚಿನಲ್ಲಿದೆಯೆಂದು 2018ರಲ್ಲಿ ವಿದ್ವಾಂಸರು ಸಾರಿದುದೂ ಗೊತ್ತಿತ್ತು. ಓದಿದ್ದು ಹೊಳೆಯ ದಡದಲ್ಲಿ ನೆನಪಿಗೆ ಬರಲು ಹರಿಗೋಲಿನವನು ಬೇಕಾಯಿತು. ಮನುವಿನ ಮೀನು ಪ್ರಳಯದಿಂದ ಲೋಕವನ್ನು ಉಳಿಸಿತು. ನಮ್ಮದು ಹಾಗೆ ಮಾಡುವುದೆಂದು ನಾನು ಯಾವ ಆಧಾರದಿಂದ ನಂಬಿದ್ದೆನೋ!

"ತಾತ, ಕೊಂದುಬಿಡುತ್ತೀರಾ?" ಎಂದು ಹುಡುಗನು ಅಳುದನಿಯಲ್ಲಿ ಕೇಳಿದನು. ಅಳಿಯನು ಮಾತಾಡಲಿಲ್ಲ. ಪೀಪಾಯಿಗೆ ಹೊಸ ನೀರು ತುಂಬಿಸಿಕೊಂಡು ಹಿಂದಿರುಗಿದೆವು.

ಈಗ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿಗೆ ಗುರುತು ಹಾಕಿದೆ. ಹನ್ನೆರಡಡಿ ಸಾಲದು, ಹದಿನಾರು ಬೇಕೆಂದು ಮೊಮ್ಮಗನು ನೆಲದ ಮೇಲೆ ಮಲಗಿ ಅಳೆದು ತೋರಿಸಿದನು. ಹದಿನಾರಾದರೆ ಮಲ್ಲಿಗೆಯ ಚಪ್ಪರವನ್ನು ಕೀಳಬೇಕು. ಮಗಳು ಇನ್ನೂ ಉತ್ತರ ಕೊಟ್ಟಿಲ್ಲ.