ಮುಂಗಡವೆಂಬ ಸಾಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಬಾಡಿಗೆಗೆ ಕೊಟ್ಟು ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಅವರ ಕಾಲದಲ್ಲಿ ಕಟ್ಟಿದ ಮನೆಯನ್ನು ತುಂಬಲು ಸ್ವಂತ ಮಕ್ಕಳೇ ಸಾಕಾಗುತ್ತಿದ್ದರು. ನಮ್ಮ ತಂದೆಯವರು ಮೂರನ್ನೂ ಮಾಡಿ ನೋಡಿದರು. ಅದೂ ಒಂದರ ಹಣದಿಂದ ಇನ್ನೊಂದನ್ನು.

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದೊಂದು ಚಿಕ್ಕ ಮನೆ. ತಂದೆಯವರು 1986ರಲ್ಲಿ ಅದರ ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ ಕಟ್ಟಿಸಿ, ಪ್ರೌಢಶಾಲೆಯ ಉಪಾಧ್ಯಾಯರೊಬ್ಬರಿಗೆ ತಿಂಗಳಿಗೆ 700 ರೂಪಾಯಿಯಂತೆ ಬಾಡಿಗೆಗೆ ಕೊಟ್ಟರು. ಊರಿನ ವಾಡಿಕೆಯಂತೆ ಹತ್ತು ತಿಂಗಳ ಮುಂಗಡವೆಂದು 7,000 ರೂಪಾಯಿ ಕೈಸೇರಿತು. ಮರುವರ್ಷವೇ ಅಕ್ಕನ ಮದುವೆ. ಆ ಏಳು ಸಾವಿರ ಛತ್ರದವರಿಗೂ ಅಡಿಗೆಯವರಿಗೂ ಸಂದಿತು. ‘ಮುಂಗಡವೆಂದರೆ ಬಡ್ಡಿಯಿಲ್ಲದ ಹಣ’ ಎಂದು ತಂದೆಯವರು ಹಿಗ್ಗಿನಿಂದ ಹೇಳುತ್ತಿದ್ದರು. ಬಡ್ಡಿಯಿಲ್ಲದ ಸಾಲ ಎಂದು ಹೇಳಿಕೊಂಡಿದ್ದರೆ ಮುಂದಿನ ಪ್ರಸಂಗ ಬರುತ್ತಿರಲಿಲ್ಲ.

1989ರ ಜೂನ್ ತಿಂಗಳಿನಲ್ಲಿ ಮೇಷ್ಟರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಅವರು ಕ್ರಮವಾಗಿ ಮೊದಲೇ ತಿಳಿಸಿ, ಮನೆಯನ್ನು ಗುಡಿಸಿ ಸಾರಿಸಿ, ಬೀಗದ ಕೈ ಒಪ್ಪಿಸಿದರು. ‘ಹೊಸಬರು ಬಂದೊಡನೆ ನಿಮ್ಮ ಹಣ ಕೊಟ್ಟುಬಿಡುತ್ತೇನೆ’ ಎಂದರು ತಂದೆಯವರು. ಆದರೆ ಅಷ್ಟರಲ್ಲಿ ಆಷಾಢ ಹತ್ತಿರವಾಗಿತ್ತು. ಆಷಾಢದಲ್ಲಿ ಹೊಸ ಮನೆಗೆ ಹಾಲುಕ್ಕಿಸುವವರು ಯಾರು? ಮಹಡಿ ಖಾಲಿಯೇ ಉಳಿಯಿತು.

ಮೇಷ್ಟರು ಶಿವಮೊಗ್ಗದಿಂದ ರಾತ್ರಿಯ ಬಸ್ಸಿನಲ್ಲಿ ಎರಡು ಭಾನುವಾರ ಬಂದರು. ಜಗುಲಿಯಲ್ಲಿ ಕುಳಿತು ಕಾಫಿ ಕುಡಿದರು. ನನ್ನ ಪಾಠದ ವಿಷಯ ವಿಚಾರಿಸಿದರು. ಹಣದ ಮಾತೆತ್ತದೆ ಹೊರಟುಹೋದರು. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಗೇಟಿನ ಸದ್ದಾದರೆ ತಂದೆಯವರು ದೇವರ ಮನೆಗೆ ಹೋಗಿ ಕುಳಿತುಬಿಡತೊಡಗಿದರು. ಜೀವಮಾನದಲ್ಲಿ ಯಾರಿಗೂ ತಲೆತಗ್ಗಿಸದ ಮನುಷ್ಯ ತಮ್ಮ ಮನೆಯಲ್ಲೇ ಅಡಗಿ ಕೂರುವುದನ್ನು ನಾನು ನೋಡಿದೆ. ಮೂರನೆಯ ಭಾನುವಾರದ ಹೊತ್ತಿಗೆ ತಾಯಿಯವರ ಕೈಯಲ್ಲಿ ಬಳೆಗಳಿರಲಿಲ್ಲ. ಮೇಷ್ಟರು ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡು, ‘ಅಡಿಗೆಮನೆಯ ಕಿಟಕಿಯ ಗಾಜು ನಮ್ಮ ಹುಡುಗ ಒಡೆದದ್ದು’ ಎಂದು ಹತ್ತು ರೂಪಾಯಿಯ ನೋಟೊಂದನ್ನು ಮೇಜಿನ ಮೇಲಿಟ್ಟು ಹೋದರು. ಆ ನೋಟನ್ನು ಬಹಳ ಹೊತ್ತು ಯಾರೂ ಮುಟ್ಟಲಿಲ್ಲ.

ಈಗ ಆ ಮಹಡಿಗೆ ನಾನು ಮಾಲೀಕ. ಅಂದು ಕಲಿತ ಮೊದಲ ಪಾಠವನ್ನು ಮನೆ ಬಾಡಿಗೆಗೆ ಕೊಡುವ ಓದುಗರಿಗೆ ಒಪ್ಪಿಸುತ್ತಿದ್ದೇನೆ: ಮುಂಗಡ ನಿಮ್ಮ ಹಣವಲ್ಲ. ಅದನ್ನು ಪಡೆದ ದಿನವೇ ಬ್ಯಾಂಕಿನಲ್ಲಿ ಬೇರೆ ಠೇವಣಿಯಾಗಿ ಇಟ್ಟುಬಿಡಿ. ಬಡ್ಡಿ ನಿಮ್ಮದು; ಅದರಿಂದ ಸುಣ್ಣಬಣ್ಣದ ಖರ್ಚು ತೂಗಿಸಬಹುದು. ಅಸಲು ಪರರದು. ಹತ್ತು ತಿಂಗಳ ಮುಂಗಡದ ವಾಡಿಕೆ ಈಗ ಹಲವೆಡೆ ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅನ್ವಯವಾಗತಕ್ಕದ್ದು. ಕಾಯಿದೆ ಏನೇ ಹೇಳಲಿ, ಹಿಂದಿರುಗಿಸಲಾರದಷ್ಟು ಹಣವನ್ನು ಪಡೆಯದಿರುವುದು ಲೇಸು.

ಎರಡನೆಯದು, ಬರವಣಿಗೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರಿನ ಗುಟ್ಟು ಇದೇ. ಕರಾರಿನ ಜೊತೆಗೆ ಇನ್ನೊಂದು ಹಾಳೆ ಇರಲಿ. ನಲ್ಲಿಗಳೆಷ್ಟು, ಪಂಖಗಳೆಷ್ಟು, ಯಾವ ಗಾಜು ಸೀಳಿದೆ, ವಿದ್ಯುತ್ ಮೀಟರಿನ ಅಂಕಿ ಎಷ್ಟು, ಎಲ್ಲವನ್ನೂ ಬರೆದು ಇಬ್ಬರೂ ರುಜು ಹಾಕಿ. ಬಿಡುವ ದಿನದ ಜಗಳಗಳಲ್ಲಿ ಬಹುಪಾಲು ಬರುವ ದಿನದ ಮರೆವಿನಿಂದ ಹುಟ್ಟುತ್ತವೆ. ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕೆನ್ನುವ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಸಹಜವಾದ ಸವೆತಕ್ಕೆ ವಿನಾಯಿತಿ ಕೊಟ್ಟಿದೆ. ಮೂರು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು ಕಾಲಧರ್ಮ. ಅದಕ್ಕೆ ಬಾಡಿಗೆದಾರರ ಮೇಲೆ ದಂಡ ಹೇರಲಾಗದು.

ಮೂರನೆಯದು, ಲೆಕ್ಕ. ಬಾಡಿಗೆಗೆಂದೇ ಮನೆ ಕೊಳ್ಳುವ ಸ್ನೇಹಿತರು ಕಾಗದ ಪೆನ್ಸಿಲು ಹಿಡಿಯಲಿ. 80 ಲಕ್ಷದ ಮನೆಗೆ ತಿಂಗಳಿಗೆ 20,000 ಬಾಡಿಗೆ ಬಂದರೆ ವರ್ಷಕ್ಕೆ 2,40,000. ಅಂದರೆ ಶೇಕಡ ಮೂರು. ಒಂದು ತಿಂಗಳು ಖಾಲಿ ಬಿದ್ದು, ಆಸ್ತಿ ತೆರಿಗೆಗೂ ರಿಪೇರಿಗೂ 40,000 ಹೋದರೆ ಉಳಿಯುವುದು 1,80,000, ಶೇಕಡ ಎರಡೂಕಾಲು. ವರಮಾನ ತೆರಿಗೆಯಲ್ಲಿ ಒಂದು ಅನುಕೂಲವುಂಟು: ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದುದರಲ್ಲಿ ಶೇಕಡ 30 ಭಾಗವನ್ನು, ರಸೀತಿ ಕೇಳದೆಯೇ, ಬಿಟ್ಟುಕೊಡುತ್ತಾರೆ. ಆದರೂ ಲಾಭ ತೆಳುವೇ. ಈ ತೆಳುವಾದ ಲಾಭವನ್ನು ಕಂಡವರೇ ಮುಂಗಡವನ್ನೂ ಗಳಿಕೆಯೆಂದು ಎಣಿಸಿ ಎಡವುತ್ತಾರೆ.

ನಾನೂ ಎಡವುವುದರಲ್ಲಿದ್ದೆ. 2019ರಲ್ಲಿ ಮಗನ ಕಾಲೇಜಿನ ಶುಲ್ಕಕ್ಕೆ ಹಣ ಸಾಲದೆ, ಮಹಡಿಯವರ ಮುಂಗಡದ 1,80,000 ರೂಪಾಯಿಯ ಠೇವಣಿಯನ್ನು ಮುರಿಸಲು ಬ್ಯಾಂಕಿನವರೆಗೂ ಹೋದೆ. ಸಾಲಿನಲ್ಲಿ ನಿಂತಾಗ, ದೇವರ ಮನೆಯ ಕತ್ತಲೆಯಲ್ಲಿ ಕುಳಿತ ತಂದೆಯವರ ಬೆನ್ನು ಕಣ್ಣಿಗೆ ಕಟ್ಟಿತು. ಶುಲ್ಕಕ್ಕೆ ಬೇರೆಡೆ ಸಾಲ ಮಾಡಿದೆ. ಹೆಂಡತಿ ಒಂದು ವಾರ ಮಾತಾಡಲಿಲ್ಲ.

ಮರುವರ್ಷ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮಹಡಿಯ ತರುಣ ಪ್ರವಾಸದ ವಾಹನಗಳನ್ನು ಕಳುಹಿಸುವ ಕೆಲಸದಲ್ಲಿದ್ದ. ಆ ಕೆಲಸ ಹೋಯಿತು. ನಾಲ್ಕು ತಿಂಗಳು, ತಿಂಗಳಿಗೆ 18,000ದಂತೆ, ಬಾಡಿಗೆಯನ್ನು ಮುಂಗಡದಲ್ಲೇ ಮುರಿದುಕೊಂಡೆ. ಆಗಸ್ಟಿನಲ್ಲಿ ಅವರು ಊರಿಗೆ ಹೊರಟರು. ಬೀಗದ ಕೈ ನನ್ನ ಕೈಗೆ ಬಂದ ಹೊತ್ತಿಗೆ ಉಳಿದ 1,08,000 ರೂಪಾಯಿ ಅವರ ಖಾತೆಯಲ್ಲಿತ್ತು. ಆ ಹುಡುಗಿ ಮಗುವನ್ನೆತ್ತಿಕೊಂಡು ಒಂದು ಕ್ಷಣ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಆ ಹಣವಿಲ್ಲದಿದ್ದರೆ ಅವರು ಏನು ಮಾಡಬೇಕೆಂದಿದ್ದರೋ, ನಾನು ಕೇಳಲಿಲ್ಲ.

ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ಮಹಡಿ ಖಾಲಿಯಾದಾಗಲೆಲ್ಲ ಮುಂದೆ ಯಾರು ಬರುತ್ತಾರೆ, ಬಾಡಿಗೆ ಎಷ್ಟು ಏರಿತು ಎಂದು ಅವರು ವಿಚಾರಿಸುವುದಿಲ್ಲ. ಜಗುಲಿಯಿಂದಲೇ ಒಂದು ಪ್ರಶ್ನೆ:

‘ಅವರ ಹಣ ಅವರಿಗೆ ಸೇರಿತೇನೋ?’